ಎರಡು ಬಾಯಿಯ ನಲ್ಲಿ

ಸಾಲುದಳ ಮನೆಯಲ್ಲಿ ಅಡುಗೆಮನೆ ಎರಡು. ಒಳಗಿನದು ಚೊಕ್ಕ ಅಡುಗೆಮನೆ, ಹಿತ್ತಲಿನದು ಕೊಳಕು ಅಡುಗೆಮನೆ. ಎಸ್ತಾನ್ಸಿಯಾ ಎಂಬ ಈ ಮೀನುಗಾರರ ಊರಿನಲ್ಲಿ ಯಾರ ಮನೆಗೆ ಹೋದರೂ ಹೀಗೇ ಕರೆಯುತ್ತಾರೆ. ಕೊಳಕು ಎಂದರೆ ಬೈಗುಳವಲ್ಲ, ಕೆಲಸ ನಡೆಯುವ ಜಾಗ ಎಂದಷ್ಟೇ ಅರ್ಥ.

ಹಿತ್ತಲಿನದಕ್ಕೆ ತಗಡಿನ ಮಾಡು, ಸುತ್ತ ಬಿದಿರಿನ ತಟ್ಟಿ, ಗೋಡೆಗೆ ಒತ್ತಿ ಸೊಂಟದೆತ್ತರದ ಸಿಮೆಂಟಿನ ತೊಟ್ಟಿ. ದೋಣಿಯಿಂದ ಬಂದ ಮೀನು ಸೀಳುವುದು, ಮಸಿ ಹಿಡಿದ ಹಂಡೆ ಉಜ್ಜುವುದು, ಕೆಸರು ಮೆತ್ತಿದ ಚಪ್ಪಲಿ ತೊಳೆಯುವುದು, ಎಲ್ಲವೂ ಆ ತೊಟ್ಟಿಯಲ್ಲೇ. ಹಿರಿಸೊಸೆ ರೊಸಿಂಡಾ ಈ ಮನೆಗೆ ಬಂದ ಕೆಲವೇ ತಿಂಗಳಲ್ಲಿ ಅದರ ಮುಂದೆ ನಿಂತವಳು ಇವತ್ತಿಗೂ ಅಲ್ಲೇ ನಿಂತಿದ್ದಾಳೆ. ಅವಳ ಹೊಟ್ಟೆ ತಾಗುವ ಕಡೆ ತೊಟ್ಟಿಯ ಅಂಚು ಸವೆದು ನುಣ್ಣಗಾಗಿದೆ.

ಅಕ್ಟೋಬರ್ ಹುಟ್ಟಿದ ವಾರ, ಒಂದು ಬೆಳಿಗ್ಗೆ, ಆ ತೊಟ್ಟಿಯ ನಲ್ಲಿ ಅವಳ ಕೈಯಲ್ಲೇ ಮುರಿಯಿತು. ಉಪ್ಪುಗಾಳಿ ತಿಂದ ಹಳೆಯ ನಲ್ಲಿ. ಕೈತುಂಬ ಮೀನಿನ ಹುರುಪೆ, ಲೋಳೆ. ತಿರುಪು ಜಾರುತ್ತಿತ್ತು. ಎಪ್ರನ್ನಿನ ತುದಿ ಸುತ್ತಿ ಬಲ ಹಾಕಿ ತಿರುಗಿಸಿದಳು. ತಿರುಪು ಕೈಗೆ ಬಂತು, ನೀರು ಮುಖಕ್ಕೆ ಬಂತು.

"ನಾನಾಯ್! ನಲ್ಲಿ ಕೈಗೇ ಬಂತು!"

ಒಲೆಯ ಮುಂದೆ ಕೂತಿದ್ದ ಅತ್ತೆ ಸಾಲುದ್ ಅಲುಗಾಡಲಿಲ್ಲ. ಮನೆಯವರೆಲ್ಲ ಅವಳನ್ನು ನಾನಾಯ್ ಎಂದೇ ಕರೆಯುವುದು, ಅಮ್ಮ ಎಂಬ ಹಾಗೆ. "ಇಷ್ಟು ವರ್ಷ ನಿನ್ನ ಮಾತು ಕೇಳದೆ ಸತಾಯಿಸ್ತಿತ್ತು," ಎಂದಳು, "ಕೊನೆಗಾದ್ರೂ ಕೇಳ್ತಲ್ಲ."

ರೊಸಿಂಡಾ ನಕ್ಕುಬಿಟ್ಟಳು. ಅತ್ತೆಯೂ ನಕ್ಕಳು. ನೀರು ಚಿಮ್ಮುತ್ತಲೇ ಇತ್ತು, ಇಬ್ಬರೂ ನಗುತ್ತಲೇ ಇದ್ದರು. ರೊಸಿಂಡಾಳ ಗಂಡ ಪಿದ್ಯೊ ಓಡಿಬಂದು ಗೋಡೆಯಾಚೆಯ ನೀರಿನ ವಾಲ್ವನ್ನು ಮುಚ್ಚಿ, ಕೊಳವೆಯ ಬಾಯಿಗೆ ಬಟ್ಟೆ ಸುತ್ತಿದ ಮರದ ಬೆಣೆ ಹೊಡೆದ.

ಮಗಳು ಕ್ಲಾರಾ ಶಾಲೆಯ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಮ್ಮಾ, ಒಳಗೆ ಬಂದು ಚಿಕ್ಕಮ್ಮನ ನಲ್ಲಿಯಲ್ಲಿ ಕೈ ತೊಳ್ಕೋ."

ರೊಸಿಂಡಾಳ ನಗು ನಿಂತಿತು. "ಮೀನಿನ ಕೈಯಲ್ಲಿ ಅದನ್ನ ಮುಟ್ಟೋದಾ? ಅದು ಪೀಠದ ಮೇಲಿನ ದೀಪದ ಕಂಬ ಕಣೇ. ನಮಸ್ಕಾರ ಮಾಡಿ ಮುಂದೆ ಹೋಗ್ಬೇಕು."

ಚಿಕ್ಕಮ್ಮನೆಂದರೆ ಮೈಲೀನ್, ಕಿರಿಮಗ ರೆನಾತೊನ ಹೆಂಡತಿ. ಜೂನ್ ತಿಂಗಳಲ್ಲಿ ಮದುವೆಯಾಗಿ ಬಂದವಳು. ಸಮುದ್ರ ಕಾಣದ ಪಾಸ್ಸಿಯ ಕಡೆಯವಳು. ಅಲ್ಲಿ ಅನಾನಸ್ ತೋಟ, ಕಬ್ಬಿನ ಗದ್ದೆ. ಮದುವೆಯ ಧರ್ಮತಾಯಿ ಅವಳಿಗೆ ಉಡುಗೊರೆ ಕೊಟ್ಟದ್ದು ಚೊಕ್ಕ ಅಡುಗೆಮನೆಗೊಂದು ನಲ್ಲಿ. ಹಂಸದ ಕತ್ತಿನ ಹಾಗೆ ಬಾಗಿದ್ದು, ಕನ್ನಡಿಯ ಹಾಗೆ ಹೊಳೆಯುವಂಥದ್ದು. ಬೆರಳು ತಾಗಿಸಿದರೆ ಸಾಕು, ನೀರು ರೇಷ್ಮೆಯ ಹಾಗೆ ಇಳಿಯುತ್ತಿತ್ತು. ಅದನ್ನು ಜೋಡಿಸಿದ ದಿನ ನೆರೆಯವರೆಲ್ಲ ಬಂದು ನೋಡಿದ್ದರು. ರೊಸಿಂಡಾ ಹಿತ್ತಲಲ್ಲಿ ಅವರಿಗೆಲ್ಲ ಕಾಫಿ ಕಾಸಿದ್ದಳು, ಜಾರುವ ತಿರುಪನ್ನು ಹಲ್ಲು ಕಚ್ಚಿ ತಿರುಗಿಸುತ್ತಾ.

ಅಂದು ರಾತ್ರಿಯೂಟಕ್ಕೆ ಹೂಮೀನಿನ ಹುಳಿಸಾರು. ನಾನಾಯ್ ಸೌಟು ಹಿಡಿದು ಬಡಿಸುತ್ತಿದ್ದಳು. ಹೂಮೀನಿನ ಹೊಟ್ಟೆಯ ಕೊಬ್ಬಿನ ತುಂಡು ಒಂದೇ ಒಂದು, ಬಾಯಲ್ಲಿಟ್ಟರೆ ಕರಗುವಂಥದ್ದು. ಪಾದ್ರಿಗಳು ಊಟಕ್ಕೆ ಬಂದರೆ ಅದು ಅವರ ತಟ್ಟೆಗೆ ಬೀಳುತ್ತದೆ. ಜೂನಿನಿಂದೀಚೆಗೆ ಅದು ಮೈಲೀನಳ ತಟ್ಟೆಗೆ ಬೀಳುತ್ತಿತ್ತು. ಇವತ್ತೂ ಬಿತ್ತು. ತಲೆಯನ್ನು ನಾನಾಯ್ ಎಂದಿನಂತೆ ಎರಡು ಹೋಳು ಮಾಡಿ ಒಂದನ್ನು ತಾನು ಇಟ್ಟುಕೊಂಡು ಇನ್ನೊಂದನ್ನು ರೊಸಿಂಡಾಳ ತಟ್ಟೆಗೆ ತಳ್ಳಿದಳು.

"ತಿಂಗಳ ಕೊನೇಲಿ ಅಮ್ಮ ನಮ್ಮ ಮನೆಗೆ ಬರ್ತಾಳೆ," ಎಂದಳು ನಾನಾಯ್. ಜಪಸರದ ತಿಂಗಳು ಅದು. ಮೇರಿ ಮಾತೆಯ ಪ್ರತಿಮೆ ಬೀದಿಯ ಮನೆಯಿಂದ ಮನೆಗೆ ಹೋಗುತ್ತದೆ. ಹೋದ ಮನೆಯಲ್ಲಿ ಬೀದಿಯವರೆಲ್ಲ ಸೇರಿ ಜಪ ಮಾಡಿ, ಉಂಡು ಹೋಗುತ್ತಾರೆ. "ಅಷ್ಟು ಜನಕ್ಕೆ ಗಂಜಿ ಬೇಯಿಸ್ಬೇಕು. ಅಷ್ಟರೊಳಗೆ ತೊಟ್ಟಿಗೆ ಹೊಸ ನಲ್ಲಿ ಆಗ್ಬೇಕು."

"ನಾಳೆ ನಾನು ಹೋಗಿ..." ಎಂದು ರೊಸಿಂಡಾ ಬಾಯಿ ತೆರೆದಳು.

"ಮೈಲೀನ್, ನೀನು ನೋಡಿ ಆರಿಸಮ್ಮ," ಎಂದಳು ನಾನಾಯ್. "ನಿನ್ನ ಕಡೆಯವರಿಗೆ ನಲ್ಲಿ ಆರಿಸೋ ಕೈಗುಣ ಇದೆ."

ಮೈಲೀನ್ ತಲೆಯೆತ್ತಿ ನೋಡಿದಳು. ಮುಖ ಅರಳಿತು. "ಆಗ್ಲಿ ನಾನಾಯ್."

ರೊಸಿಂಡಾ ಮೀನಿನ ತಲೆಯ ಮುಳ್ಳನ್ನು ಕಟಕ್ಕೆಂದು ಮುರಿದಳು.

"ಮೆಲ್ಲಗೆ," ಎಂದ ಪಿದ್ಯೊ, "ಹಲ್ಲು ಹೋದೀತು."

"ಹಲ್ಲು ಹೋದ್ರೆ ಹೊಸದನ್ನೂ ಅವಳೇ ಆರಿಸಲಿ."



*

ಮರುದಿನದಿಂದ ಹಿತ್ತಲಲ್ಲಿ ಪೀಪಾಯಿಯ ನೀರು, ಪ್ಲಾಸ್ಟಿಕ್ ಚೊಂಬು. ಒಂದು ಕೈಯಲ್ಲಿ ನೀರು ಹೊಯ್ಯುತ್ತಾ ಇನ್ನೊಂದು ಕೈಯಲ್ಲಿ ಮೀನು ತೊಳೆಯುವುದೆಂದರೆ ಅರ್ಧ ದಿನದ ಕೆಲಸ ಇಡೀ ದಿನ ಹಿಡಿಯುತ್ತಿತ್ತು.

ಮೈಲೀನ್ ನೂಲಿನುಂಡೆ ಹಿಡಿದು ಬಂದಳು. ಬಿಳಿಯ ಅಂಗಿ ಹಾಕಿದ್ದಳು. "ಮಾನಾಂಗ್, ಅಳತೆ ತಗೋಬೇಕಿತ್ತು." ಹಿರಿಯಳನ್ನು ಅಕ್ಕ ಎಂದ ಹಾಗೆ ಮಾನಾಂಗ್ ಎನ್ನುತ್ತಿದ್ದಳು, ದನಿ ತಗ್ಗಿಸಿ.

"ಬಟ್ಟೆ ಕೊಳೆಯಾಗುತ್ತೆ ಇಂದಾಯ್, ಒಳಗೆ ಹೋಗು." ಕಿರಿಯಳನ್ನು ತಂಗಿ ಎಂದ ಹಾಗೆ ಇಂದಾಯ್ ಎಂದಳು ರೊಸಿಂಡಾ.

"ಒಂದೇ ನಿಮಿಷ. ಗಂಜಿ ಹಂಡೆ ಇದರಲ್ಲೇ ತೊಳೀತೀರಾ? ಅದರ ಬಾಯಿ ನಲ್ಲಿ ಕೆಳಗೆ ಹೋಗ್ತಿತ್ತಾ?"

"ಹೋಗ್ತಿರಲಿಲ್ಲ. ಓರೆ ಮಾಡಿ ತೊಳೀತಿದ್ದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ."

ಮೈಲೀನ್ ನೂಲಿಗೆ ಗಂಟು ಹಾಕಿದಳು. ಹಂಡೆಯ ಎತ್ತರ ಅಳೆದಳು. ಆಮೇಲೆ ಸುಮ್ಮನೆ ನಿಂತು ರೊಸಿಂಡಾಳ ಕೈಯನ್ನೇ ನೋಡಿದಳು. ಚೂರಿ ಮೀನಿನ ಕಿವಿರಿಗೆ ಇಳಿದು, ಒಂದು ಸುತ್ತು ತಿರುಗಿ, ಕರುಳನ್ನು ಎಳೆದುಕೊಂಡು ಹೊರಬರುತ್ತಿತ್ತು.

"ಅದನ್ನ ಹೇಗೆ ಮಾಡ್ತೀರಿ? ನನಗೆ..."

"ನಿನಗ್ಯಾಕೆ ಅದು? ವಾಸನೆ ಹಿಡಿದ್ರೆ ನಿಂಬೆಹಣ್ಣು ಹಾಕಿ ಉಜ್ಜಿದ್ರೂ ಹೋಗಲ್ಲ. ಒಳಗೆ ಹೋಗು."

ಮೈಲೀನ್ ಒಳಗೆ ಹೋದಳು.

ಅಂದು ಸಂಜೆ ನಾಲ್ಕನೆಯ ಮನೆಯಲ್ಲಿ ಜಪವಿತ್ತು. ರೊಸಿಂಡಾ ಮೈಲೀನಳ ಹಿಂದಿನ ಸಾಲಿನಲ್ಲಿ ಮಂಡಿಯೂರಿದ್ದಳು. ಮುಂದೆ ಅವಳ ನೀಳ ಕೂದಲು, ಮಣಿ ಹಿಡಿದ ಬಿಳಿಯ ಬೆರಳು. ಪಕ್ಕದಲ್ಲಿ ನಾನಾಯ್, ಮೊಣಕಾಲು ನೋವೆಂದು ಮೈಲೀನಳ ಹೆಗಲಿಗೆ ಕೈ ಕೊಟ್ಟಿದ್ದಳು. ಆ ಹೆಗಲು ಮೊನ್ನೆಮೊನ್ನೆಯವರೆಗೆ ರೊಸಿಂಡಾಳದಾಗಿತ್ತು. ನಮೋ ಮರಿಯ ಎನ್ನುತ್ತಾ ಎನ್ನುತ್ತಾ ಅವಳು ಮಣಿಯ ಲೆಕ್ಕ ತಪ್ಪಿದಳು. ಎಲ್ಲರೂ ಮುಂದಿನ ರಹಸ್ಯಕ್ಕೆ, ಜಪದ ಮುಂದಿನ ಸುತ್ತಿಗೆ, ಹೋದರೂ ಅವಳೊಬ್ಬಳ ದನಿ ಹಿಂದೆ ಉಳಿಯಿತು. ಕ್ಲಾರಾ ಅವಳ ಮೊಣಕೈ ತಿವಿದಳು.

"ಎಲ್ಲಿದ್ದೀಯಮ್ಮ?"

"ತೊಟ್ಟಿ ಹತ್ರ," ಎಂದಳು ರೊಸಿಂಡಾ.

ಮನೆಗೆ ಬಂದು ಗಂಡನೊಡನೆ ಜಗಳವಾಡಿದಳು.

"ನೀನಾದ್ರೂ ನಿಮ್ಮಮ್ಮನಿಗೆ ಹೇಳ್ಬಾರದಿತ್ತಾ? ಮೀನಿನ ಮುಖ ನೋಡದೋಳು ನನ್ನ ನಲ್ಲಿ ಆರಿಸ್ತಾಳೆ!"

"ನಲ್ಲಿ ಯಾರು ಆರಿಸಿದ್ರೇನು? ನೀರು ಬಂದ್ರಾಯ್ತು."

"ನಿನ್ನ ದೋಣಿಯ ಇಂಜಿನ್ ನಾನು ಆರಿಸ್ಲಾ? ಡೀಸೆಲ್ ಕುಡಿದ್ರಾಯ್ತು!"

ಪಿದ್ಯೊ ತಲೆ ಕೆರೆದುಕೊಂಡ. ಮರುದಿನ ಅಮ್ಮನ ಕಿವಿಯಲ್ಲಿ ಏನೋ ಹೇಳಿರಬೇಕು. "ಇಬ್ಬರೂ ಜೊತೆಗೆ ಹೋಗಿ," ಎಂದಳು ನಾನಾಯ್.

*

ಮೀನು ಇಳಿಸುವ ದಕ್ಕೆಯ ರಸ್ತೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಬಾಡಿಗೆಯ ಮೋಟಾರು ಟ್ರೈಸಿಕಲ್ಲಿನಲ್ಲಿ ಮೈಗೆ ಮೈ ತಾಗಿ ಕೂತು ಬಂದರೂ ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ ಮುಖ ಮಾಡಿದ್ದರು. ಅಂಗಡಿಯವನು ಗಾಜಿನ ಮೇಜಿನ ಮೇಲೆ ನಲ್ಲಿಗಳನ್ನು ಸಾಲಾಗಿ ಮಲಗಿಸಿದ. ಪ್ಲಾಸ್ಟಿಕ್ಕಿನದು, ಬೆಳ್ಳಿಬಣ್ಣದ್ದು, ಹಿತ್ತಾಳೆಯದು.

"ಪ್ಲಾಸ್ಟಿಕ್ ಬೇಡ," ಎಂದಳು ರೊಸಿಂಡಾ. "ಹಂಡೆ ತಾಗಿದ್ರೆ ಒಡೆಯುತ್ತೆ."

"ಬೆಳ್ಳಿಬಣ್ಣದ್ದೂ ಬೇಡ," ಎಂದಳು ಮೈಲೀನ್. "ಒಳಗೆ ತಗಡು. ಉಪ್ಪುಗಾಳಿಗೆ ಸಿಪ್ಪೆ ಏಳುತ್ತೆ."

ರೊಸಿಂಡಾ ಅವಳ ಕಡೆ ತಿರುಗಿ ನೋಡಿದಳು. ತಾನು ಹೇಳಬೇಕೆಂದಿದ್ದ ಮಾತು.

"ಬಾಯಿಗೆ ಜಾಲರಿ ಇರೋದು ಬೇಡ, ನಮ್ಮ ನೀರಲ್ಲಿ ಮರಳು ಬರುತ್ತೆ," ಎಂದಳು ರೊಸಿಂಡಾ.

"ತಿರುಪಿನದು ಬೇಡ. ಉದ್ದ ಹಿಡಿ ಇರ್ಲಿ," ಎಂದಳು ಮೈಲೀನ್. "ಕೈ ಗಲೀಜಾಗಿದ್ರೆ ಮೊಣಕೈಯಲ್ಲಿ ತಳ್ಳೋ ಹಾಗಿರಬೇಕು."

ರೊಸಿಂಡಾ ಮೇಜಿನ ಮೇಲಿನ ತಿರುಪಿನ ನಲ್ಲಿಯನ್ನು ಪಕ್ಕಕ್ಕೆ ಸರಿಸಿದಳು. ಈ ಹುಡುಗಿ ತನ್ನ ಕೈ ನೋಡಿದ್ದಳು, ಮೊಣಕೈಯನ್ನೂ ನೋಡಿದ್ದಳು. ಇನ್ನೇನು ಉಳಿಯಿತು ತನಗೆ?

ಮೈಲೀನ್ ನೂಲು ಬಿಚ್ಚಿ ಅಳೆದಳು. ಕೊನೆಗೆ ಎರಡು ಹಿತ್ತಾಳೆಯ ನಲ್ಲಿಗಳು ಉಳಿದವು. ಎತ್ತರ ಒಂದೇ, ಹಿಡಿಯ ಬಗೆಯೂ ಒಂದೇ. ಒಂದಕ್ಕೆ ಒಂದು ಬಾಯಿ. ಇನ್ನೊಂದಕ್ಕೆ ಎರಡು: ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದೊಂದಕ್ಕೂ ಬೇರೆಬೇರೆ ಹಿಡಿ.

"ಇದು," ಎಂದಳು ರೊಸಿಂಡಾ, ಒಂದು ಬಾಯಿಯದನ್ನು ಎತ್ತಿ.

"ಇದು, ಮಾನಾಂಗ್," ಎಂದಳು ಮೈಲೀನ್, ಎರಡು ಬಾಯಿಯದನ್ನು ಎದೆಗೆ ಹಿಡಿದು.

"ಎರಡು ಬಾಯಿ ಯಾಕೆ? ನನಗಿರೋದು ಒಂದೇ ಜೊತೆ ಕೈ."

"ಪೈಪ್... ಪೈಪ್ ಹಾಕಬಹುದು. ನೆಲ ತೊಳೆಯೋಕೆ."

"ನೆಲಕ್ಕೆ ಬಕೆಟ್ ಇದೆ. ಎರಡೂ ಬಿಟ್ರೆ ನಮ್ಮ ಬೀದಿಯ ನೀರು ಎರಡು ಕಡೆನೂ ದಾರದ ಹಾಗೆ ಬರುತ್ತೆ. ಒಬ್ಬಳಿಗೆ ಬಂದಿದ್ದನ್ನ ಇನ್ನೊಬ್ಬಳು ಕಿತ್ಕೊಂಡ ಹಾಗೆ."

"ಒಬ್ಬರಾದ ಮೇಲೆ ಒಬ್ಬರು ಬಿಟ್ರೆ?"

"ಒಬ್ಬರಾದ ಮೇಲೆ ಒಬ್ಬರು! ಅಲ್ಲಿ ಯಾರಿದ್ದಾರೆ ಇನ್ನೊಬ್ಬರು?"

ಮೈಲೀನ್ ಕಣ್ಣು ಕೆಳಗೆ ಹಾಕಿ ನಿಂತಳೇ ಹೊರತು ನಲ್ಲಿಯನ್ನು ಕೆಳಗಿಡಲಿಲ್ಲ. ಅಂಗಡಿಯವನು ಇಬ್ಬರ ಮುಖ ನೋಡಿ, "ಎರಡನ್ನೂ ಒಯ್ಯಿರಿ ತಾಯಂದಿರಾ, ಬೇಡದ್ದನ್ನ ತಂದುಕೊಡಿ," ಎಂದು ಒಂದೇ ಕಾಗದದಲ್ಲಿ ಸುತ್ತಿದ.

ನಾನಾಯ್ ಊಟದ ಮೇಜಿನ ಮೇಲೆ ಕಾಗದ ಬಿಚ್ಚಿ ಎರಡನ್ನೂ ಕೈಯಲ್ಲಿ ತೂಗಿದಳು. "ಹಿತ್ತಾಳೆ ಒಂದೇ. ಹಿಡಿ ಒಂದೇ. ಎತ್ತರ ಒಂದೇ. ಮತ್ತೆ ಜಗಳ ಯಾತಕ್ಕೆ?"

"ಬಾಯಿಗೆ," ಎಂದ ಪಿದ್ಯೊ.

"ಬಾಯಿ ಜಾಸ್ತಿಯಾದ ಕಡೆ ಜಗಳ ಇದ್ದಿದ್ದೇ," ಎಂದಳು ನಾನಾಯ್. ಎರಡು ಬಾಯಿಯದರ ಹಿಡಿಗಳನ್ನು ಮಗುವಿನ ಕಿವಿಯ ಹಾಗೆ ಎಳೆದು ನೋಡಿದಳು. "ಅಮ್ಮ ಬರೋ ದಿನ ಅಷ್ಟೊಂದು ಪಾತ್ರೆ ಬೀಳುತ್ತೆ. ಎರಡು ಬಾಯಿ ಇರ್ಲಿ. ಇದನ್ನೇ ಹಾಕು, ಪಿದ್ಯೊ."

ರೊಸಿಂಡಾ ತಾನು ಆರಿಸಿದ ನಲ್ಲಿಯನ್ನು ಕಾಗದದಲ್ಲಿ ಮತ್ತೆ ಸುತ್ತಿದಳು. ಹಸಿಗೂಸನ್ನು ಸುತ್ತುವ ಹಾಗೆ, ಮೆಲ್ಲಗೆ ಸುತ್ತಿದಳು. ಅಂದು ರಾತ್ರಿ ಅವಳು ಊಟಕ್ಕೆ ಕೂರಲಿಲ್ಲ. ತಲೆನೋವೆಂದಳು. ಅವಳ ಪಾಲಿನ ಮೀನಿನ ತಲೆಯ ಹೋಳು ಬಾಣಲೆಯಲ್ಲೇ ತಣ್ಣಗಾಯಿತು. ನಾನಾಯ್ ಅದನ್ನು ಬೇರೆ ಯಾರಿಗೂ ಹಾಕಲಿಲ್ಲ.

*

ನಲ್ಲಿ ಚೆನ್ನಾಗಿಯೇ ಇತ್ತು. ಅದೇ ರೊಸಿಂಡಾಳಿಗೆ ಉರಿ ತಂದದ್ದು. ಹಂಡೆ ಅದರ ಕೆಳಗೆ ಸಲೀಸಾಗಿ ಕೂತಿತು. ಲೋಳೆಗೈಯನ್ನು ಎತ್ತಿ ಹಿಡಿದು ಮೊಣಕೈಯಿಂದ ತಳ್ಳಿದರೆ ನೀರು, ತಳ್ಳಿದರೆ ಬಂದ್. ಅವಳು ಎಡಗಡೆಯ ಬಾಯಿಯನ್ನು ಮಾತ್ರ ಬಳಸಿದಳು. ಬಲಗಡೆಯ ಬಾಯಿಗೂ ಹಿಡಿಗೂ ಸೇರಿಸಿ ಮೊದಲ ದಿನವೇ ಹಳೆಯ ಬಟ್ಟೆಯ ಚೂರು ಸುತ್ತಿ, ಬಲೆಯ ದಾರದಿಂದ ಬಿಗಿದು ಗಂಟು ಹಾಕಿದಳು. ಮೀನುಗಾರರ ಗಂಟು, ಒದ್ದೆಯಾದಷ್ಟೂ ಬಿಗಿಯುವಂಥದ್ದು.

"ಅದೇನಮ್ಮ, ನಲ್ಲಿಗೆ ಗಾಯವಾಗಿದ್ಯಾ?" ಎಂದಳು ಕ್ಲಾರಾ.

"ಸೋರುತ್ತೆ."

"ಸೋರಲ್ಲ. ಚಿಕ್ಕಮ್ಮ ನೋಡಿದ್ರು. ಸೋರಲ್ಲ ಅಂತ ಹೇಳಿದ್ರು."

"ಚಿಕ್ಕಮ್ಮ ಯಾವಾಗ ನೋಡಿದ್ಲು?"

"ನೀನು ಮಾರ್ಕೆಟ್ಟಿಗೆ ಹೋದಾಗ. ಅದನ್ನ ಮುಟ್ಟಿ ನೋಡಿ, ಆಮೇಲೆ ಒಳಗೆ ಹೋದ್ರು."

ರೊಸಿಂಡಾ ಗಂಟನ್ನು ನೋಡಿದಳು. ಬಿಚ್ಚಿರಲಿಲ್ಲ. ಬಿಚ್ಚಲು ನೋಡಿಯೂ ಇರಲಿಲ್ಲ. ಅವಳಿಗೆ ಇನ್ನೂ ಸಿಟ್ಟು ಬಂತು.

ಅಮ್ಮ ಬಂದದ್ದು ಶನಿವಾರ ಮಧ್ಯಾಹ್ನ. ನೀಲಿ ಮೇಲುವಸ್ತ್ರದ ಪುಟ್ಟ ಪ್ರತಿಮೆಯನ್ನು ಪಕ್ಕದ ಮನೆಯವರು ಹಾಡುತ್ತಾ ಹೊತ್ತು ತಂದು ಮುಂಗೋಣೆಯ ಮೇಜಿನ ಮೇಲೆ ಇಟ್ಟರು. ಹಿತ್ತಲಲ್ಲಿ ಬೆಳಗಿನಿಂದಲೇ ಬೀದಿಯ ಹೆಂಗಸರು ತುಂಬಿದ್ದರು. ಒಬ್ಬಳು ಶುಂಠಿ ಜಜ್ಜುತ್ತಿದ್ದಳು, ಒಬ್ಬಳು ಬೆಂದ ಕೋಳಿಯನ್ನು ಬಿಡಿಸುತ್ತಿದ್ದಳು. ಯಾರದೋ ಗಂಡ ನಿದ್ದೆಯಲ್ಲಿ ಮೀನಿನ ಬೆಲೆ ಕೂಗಿದ ಕಥೆಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಹೊಸ ನಲ್ಲಿಯನ್ನು ನೋಡಿ, "ರೊಸಿಂಡಾ, ಏನು ಭಾಗ್ಯವಂತೆ ನೀನು!" ಎಂದರು. ಬಟ್ಟೆ ಕಟ್ಟಿದ ಬಾಯಿಯನ್ನು ನೋಡಿ, "ಇದಕ್ಕೇನು ಹಲ್ಲುನೋವಾ?" ಎಂದು ನಕ್ಕರು. ರೊಸಿಂಡಾಳೂ ನಕ್ಕಳು.

ಬಟ್ಟಲು ಸಾಲದೆ ಬಂತು. ಗಾಜಿನ ಬೀರುವಿನಿಂದ ತರಲೆಂದು ರೊಸಿಂಡಾ ಚೊಕ್ಕ ಅಡುಗೆಮನೆಗೆ ಹೋದಳು. ಹಿತ್ತಲಿನ ಗದ್ದಲದಿಂದ ಒಮ್ಮೆಗೇ ಒಳಗೆ ಬಂದಾಗ ಕಿವಿ ಮುಚ್ಚಿದಂತಾಯಿತು. ಅಲ್ಲಿ ಮೈಲೀನ್ ಒಬ್ಬಳೇ ಸ್ಟೂಲಿನ ಮೇಲೆ ಕೂತಿದ್ದಳು. ಒಳ್ಳೆಯ ಲಂಗ, ಮುತ್ತಿನ ಓಲೆ. ಕೈಯಲ್ಲೊಂದು ಬಟ್ಟೆ. ಹಂಸದ ಕತ್ತಿನ ನಲ್ಲಿಯನ್ನು ಒರೆಸುತ್ತಿದ್ದಳು. ಸಿಂಕು ಒಣಗಿ ಹೊಳೆಯುತ್ತಿತ್ತು. ಪಾತ್ರೆ ತೊಳೆಯುವ ಸ್ಪಂಜು ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು.

"ಇದನ್ನೇ ಎಷ್ಟು ಸಲ ಒರೆಸ್ತೀಯ ಇಂದಾಯ್? ಸವೆದು ಹೋದೀತು," ಎಂದಳು ರೊಸಿಂಡಾ, ಬೀರು ತೆರೆಯುತ್ತಾ.

"ಇದರಲ್ಲಿ ಒಂದು ತಟ್ಟೆನೂ ತೊಳೆದಿಲ್ಲ, ಮಾನಾಂಗ್. ಮದುವೆಯಾದಾಗಿಂದ."

"ತೊಳಿ. ಬೇಡ ಅಂದೋರ್ಯಾರು?"

"ತಟ್ಟೆಗಳೆಲ್ಲ ಹಿತ್ತಲಲ್ಲಿರುತ್ತಲ್ಲ." ಮೈಲೀನ್ ಬಟ್ಟೆಯನ್ನು ಮಡಿಚಿದಳು, ಮತ್ತೆ ಬಿಚ್ಚಿದಳು. "ಬೆಳಿಗ್ಗೆ ನೀವೂ ನಾನಾಯೂ ನಗೋದು ಇಲ್ಲಿಗೆ ಕೇಳುತ್ತೆ. ಯಾಕೆ ನಗ್ತೀರ ಅಂತ ಗೊತ್ತಾಗಲ್ಲ. ಬಾಗಿಲಿಗೆ ಬಂದ್ರೆ ನಗು ನಿಲ್ಲಿಸ್ತೀರಿ. ಒಳಗೆ ಹೋಗು ಅಂತೀರಿ. ಒಳಗೆ ಯಾರಿದ್ದಾರೆ?"

"ನಿನಗೇನೇ ಕಡಿಮೆಯಾಗಿದೆ?" ರೊಸಿಂಡಾಳ ದನಿ ತಾನಾಗಿ ಏರಿತು. "ಹೊಟ್ಟೆ ತುಂಡು ನಿನ್ನ ತಟ್ಟೆಗೆ. ನಾನಾಯ್ ಕೈ ನಿನ್ನ ಹೆಗಲ ಮೇಲೆ. ನನ್ನ ನಲ್ಲಿನೂ ನಿನ್ನ ಕೈಗೇ!"

"ಹೊಟ್ಟೆ ತುಂಡು!" ಮೈಲೀನಳ ಕಣ್ಣು ತುಂಬಿತು. "ನಮ್ಮಮ್ಮ ಪ್ರತಿ ಸಲ ಫೋನಲ್ಲಿ ಕೇಳ್ತಾರೆ, ಇನ್ನೂ ನಿನಗೆ ಹೊಟ್ಟೆ ತುಂಡೇ ಹಾಕ್ತಾರಾ ಅಂತ. ಹೌದಮ್ಮ ಅಂತೀನಿ. ಹಾಗಾದ್ರೆ ಇನ್ನೂ ನೀನು ಮನೆಗೆ ಬಂದ ನೆಂಟರ ಹಾಗೇ ಕಣೇ ಅಂತಾರೆ. ತಲೆ ನೀವಿಬ್ಬರೇ ಹಂಚ್ಕೊಂಡು ಚೀಪ್ತೀರಿ. ಆ ದಿನ ನೀವು ಊಟ ಬಿಟ್ರಿ. ಆಗ್ಲಾದ್ರೂ ನಾನಾಯ್ ನನಗೆ ಹಾಕ್ತಾರೇನೋ ಅಂದ್ಕೊಂಡೆ. ಹಾಕಲಿಲ್ಲ."

ರೊಸಿಂಡಾ ಕೈಯಲ್ಲಿದ್ದ ಬಟ್ಟಲುಗಳನ್ನು ಸಿಂಕಿನ ಪಕ್ಕಕ್ಕಿಟ್ಟಳು.

ಮದುವೆಯಾದ ವರ್ಷ ಅವಳ ತಟ್ಟೆಗೂ ಹೊಟ್ಟೆ ತುಂಡು ಬೀಳುತ್ತಿತ್ತು. ಮರೆತೇಹೋಗಿತ್ತು. ಒಂದು ದಿನ, ಮಳೆಗಾಲದ ಮೊದಲಲ್ಲಿ, ನಾನಾಯ್ ಏನೂ ಹೇಳದೆ ತಲೆಯ ಹೋಳನ್ನು ತಳ್ಳಿದ್ದಳು. ಹೊಟ್ಟೆಯ ತುಂಡು ತಪ್ಪಿತೆಂದು ಅಂದು ಅವಳು ಹಾಸಿಗೆಯಲ್ಲಿ ಅತ್ತಿದ್ದಳು. ಮರುದಿನದಿಂದ ತೊಟ್ಟಿಯ ಮುಂದೆ ನಿಂತಿದ್ದಳು.

ಮುಂಗೋಣೆಯಲ್ಲಿ ಜಪ ಶುರುವಾಯಿತು. ನಾನಾಯ್ ಕರೆದಳು, "ರೊಸಿಂಡಾ! ಮೈಲೀನ್!" ಇಬ್ಬರೂ ಹೋಗಿ ಮಂಡಿಯೂರಿದರು. ಆ ಸಂಜೆ ರೊಸಿಂಡಾ ಮಣಿ ತಪ್ಪಲಿಲ್ಲ. ಕಣ್ಣನ್ನು ಮಾತ್ರ ಎತ್ತಲಿಲ್ಲ. ನೀಲಿ ಮೇಲುವಸ್ತ್ರದ ಅಮ್ಮ ಎಲ್ಲಿ ತನ್ನನ್ನೇ ನೋಡುತ್ತಾಳೋ ಎಂದು.

ಉಂಡವರು ಹೋದರು. ಹಿತ್ತಲಲ್ಲಿ ಬಟ್ಟಲಿನ ಗುಡ್ಡೆ, ತಳ ಹತ್ತಿದ ಹಂಡೆ. ಮೈಲೀನ್ ಹೊಸ್ತಿಲಲ್ಲಿ ನಿಂತಳು. ದಾಟಲಿಲ್ಲ.

ರೊಸಿಂಡಾ ಬೆನ್ನು ತಿರುಗಿಸಿಯೇ ಇದ್ದಳು. "ಬಟ್ಟೆ ಕೊಳೆಯಾಗುತ್ತೆ ಇಂದಾಯ್," ಎಂದಳು.

ಮೈಲೀನ್ ಒಳಗೆ ಹೋಗಲು ತಿರುಗಿದಳು.

"ಹಳೇದೇನಾದ್ರೂ ಹಾಕ್ಕೊಂಡು ಬಾ."

ಅವಳು ರೆನಾತೊನ ತೂತುಬಿದ್ದ ಬನಿಯನ್ ಹಾಕಿಕೊಂಡು ಓಡಿಬರುವಷ್ಟರಲ್ಲಿ ರೊಸಿಂಡಾ ಗಂಟಿನೊಡನೆ ಗುದ್ದಾಡುತ್ತಿದ್ದಳು. ಒದ್ದೆಯಾಗಿ ಬಿಗಿದಿತ್ತು, ಉಗುರಿಗೆ ಬಗ್ಗಲಿಲ್ಲ. ಕೊನೆಗೆ ಮೀನಿನ ಚೂರಿಯಿಂದ ಕೊಯ್ದಳು.

ಒಲೆಯ ಮುಂದೆ ಕೂತಿದ್ದ ನಾನಾಯ್, "ಸೋರೋದು ನಿಂತಿತಾ?" ಎಂದು ಕೇಳಿದಳು.

"ನಿಂತಿತು," ಎಂದಳು ರೊಸಿಂಡಾ.

ಮೈಲೀನ್ ಬಲಗಡೆ ನಿಂತು ಮೊಣಕೈಯಿಂದ ಹಿಡಿಯನ್ನು ತಳ್ಳಿದಳು. ನೋಡಿ ಕಲಿತ ಹಾಗೆಯೇ ತಳ್ಳಿದಳು. ಅವಳ ಕಡೆಯ ಬಾಯಿಂದ ನೀರು ಭರ್ರೆಂದು ಬಂತು. ರೊಸಿಂಡಾಳ ಕಡೆಯ ನೀರು ಇಳಿಯುತ್ತಾ ಇಳಿಯುತ್ತಾ ದಾರದಷ್ಟಾಯಿತು. ರೊಸಿಂಡಾ ಆ ದಾರವನ್ನು ನೋಡಿದಳು. ಪಕ್ಕದ ತುಂಬು ಧಾರೆಯನ್ನು ನೋಡಿದಳು. ಎದೆಯೊಳಗೆ ಹಳೆಯ ಮುಳ್ಳು ಒಮ್ಮೆ ಚುಚ್ಚಿತು. ನಾನು ಹೇಳಿರಲಿಲ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

ಅವಳು ಮೊಣಕೈಯೆತ್ತಿ ತನ್ನ ಕಡೆಯ ಹಿಡಿಯನ್ನು ಮುಚ್ಚಿದಳು.

"ಬೇಗ ತೊಳಿ," ಎಂದಳು. "ಆಮೇಲೆ ನನ್ನ ಸರದಿ."